ಬಲಕ್ಕೆ ಕೂಗಿದ ಹಕ್ಕಿ

ಸಮುದ್ರದಾಚೆ ಬೋರ್ನಿಯೋ ಎಂಬ ದ್ವೀಪ. ಅಲ್ಲಿ ಕಾಡಿನ ನಡುವೆ ಹರಿಯುವ ಒಂದು ಕಂದು ಬಣ್ಣದ ಹೊಳೆ. ಹೊಳೆಯ ದಡದಲ್ಲಿ ಕಂಬಗಳ ಮೇಲೆ ನಿಂತ ಒಂದು ಉದ್ದನೆಯ ಮನೆ. ಸೂರು ಒಂದೇ, ಬಾಗಿಲು ಇಪ್ಪತ್ತೆರಡು, ಬಾಗಿಲಿಗೊಂದು ಸಂಸಾರ. ಅಲ್ಲಿನ ದಯಾಕ್ ಜನ ಹಾಗೇ ಬಾಳುತ್ತಾರೆ. ಅವರಿಗೆ ಮನೆಯೆಂದರೂ ಅದೇ, ಊರೆಂದರೂ ಅದೇ.

ಆ ಮನೆಯ ಹನ್ನೊಂದನೆಯ ಬಾಗಿಲಲ್ಲಿ ಮುನಾನ್ ಎಂಬ ಮುದುಕನಿದ್ದ. ಎಲ್ಲರಿಗೂ ಅವನು ಮುನಾನಜ್ಜ. ಅವನ ಕೆಲಸ ಹಕ್ಕಿ ಕೇಳುವುದು.

ಅದೂ ಒಂದು ಕೆಲಸವೇ ಎಂದು ನಗಬೇಡಿ. ನಮ್ಮಲ್ಲೂ ಹಾಲಕ್ಕಿ ನುಡಿಯಿತು ಎಂದರೆ ಹೊರಟ ಹೆಜ್ಜೆ ಹಿಂದಕ್ಕಿಡುತ್ತಿದ್ದವರು ಇದ್ದರಲ್ಲ.

ದಯಾಕ್ ಜನ ವರ್ಷಕ್ಕೊಂದು ತುಂಡು ಕಾಡು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ಭತ್ತ ಬಿತ್ತುತ್ತಿದ್ದರು. ಬೆಳೆ ಕೊಯ್ದ ಮೇಲೆ ನೆಲವನ್ನು ಕಾಡಿಗೆ ಬಿಟ್ಟುಕೊಟ್ಟು ಬೇರೆಡೆಗೆ ಹೋಗುತ್ತಿದ್ದರು. ಆದರೆ ಮರಕ್ಕೆ ಕೊಡಲಿ ತಾಗುವ ಮೊದಲು ಕೇಳಬೇಕು. ಹಕ್ಕಿ ಕೇಳುವವನು ಬೆಳಗಿನ ಜಾವ ಕಾಡಿನ ಅಂಚಿಗೆ ಹೋಗಿ ಕೂರಬೇಕು.

ಇಟ್ಟಿಗೆ ಬಣ್ಣದ, ಹಿಡಿಯೊಳಗೆ ಅಡಗುವಷ್ಟು ಚಿಕ್ಕ ಮರಕುಟಿಗವೊಂದಿದೆ. ಅದು ಬಲಕ್ಕೆ ಕೂಗಿದರೆ ಕಡಿಯಬಹುದು. ಎಡಕ್ಕೆ ಕೂಗಿದರೆ ಕೂಡದು. ಕೂಗಲೇ ಇಲ್ಲವೋ, ಆ ಜಾಗ ಬಿಟ್ಟು ಮನೆಗೆ ಹೋಗಬೇಕು.

ಕೂಗಿದ ತಕ್ಷಣ ಕೈಗೆ ಸಿಕ್ಕ ಗಿಡದಿಂದ ಒಂದು ಕಡ್ಡಿ ಮುರಿದುಕೊಳ್ಳಬೇಕು. ಆ ಕಡ್ಡಿಯೇ ಸಾಕ್ಷಿ. ಅದಕ್ಕೆ ಕೆಂಪು ದಾರ ಸುತ್ತಿ ಹೊಲದ ನಡುವೆ ನೆಟ್ಟರೆ ಕಾಡು ಒಪ್ಪಿದಂತೆ.

ಮುನಾನಜ್ಜನಿಗೆ ಒಬ್ಬನೇ ಶಿಷ್ಯ. ಹೆಸರು ಸಾವಾಯ್, ವಯಸ್ಸು ಮೂವತ್ತೈದು. ಪಟ್ಟಣದಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದವನು, ಅಪ್ಪ ಸತ್ತಾಗ ಊರಿಗೆ ಬಂದು ಇಲ್ಲೇ ಉಳಿದ. ಅಜ್ಜನ ಹಿಂದೆ ಬಿದ್ದು ಒಂಬತ್ತು ವರ್ಷವಾಗಿತ್ತು.

ಮೊದಲ ದಿನ ಅಜ್ಜ ಅವನನ್ನು ಕಾಡಿನ ಅಂಚಿಗೆ ಕರೆದೊಯ್ದು, ನೀರು ತುಂಬಿದ ಸೋರೆಬುರುಡೆಯನ್ನು ಮುಂದೆ ಹಿಡಿದಿದ್ದ.

"ಬಾಯಿ ತುಂಬ ನೀರು ತುಂಬಿಕೊ. ನುಂಗಬೇಡ, ಉಗುಳಬೇಡ."

"ಎಷ್ಟು ಹೊತ್ತು ಅಜ್ಜಾ?"

"ಮಾತಾಡಿದೆಯಲ್ಲ, ಮತ್ತೆ ತುಂಬಿಕೊ."

ಹೀಗೆ ಒಂದು ತಿಂಗಳು ಬಾಯಲ್ಲಿ ನೀರು ಹಿಡಿದು ಕೂತ ಮೇಲೆ ಸಾವಾಯ್‌ಗೆ ಕಾಡಿನ ಸದ್ದು ಕೇಳಲು ಶುರುವಾಯಿತು.

ಇನ್ನೊಂದು ದಿನ ಅವನೇ ಒಂದು ಪ್ರಶ್ನೆ ತೆಗೆದ. ಬುದ್ಧಿವಂತ ಶಿಷ್ಯರು ಕೇಳುವಂಥದ್ದೇ ಪ್ರಶ್ನೆ.

"ಅಜ್ಜಾ, ಹಕ್ಕಿ ಎಡಕ್ಕೆ ಕೂಗಿತು ಅಂತಿಟ್ಟುಕೊಳ್ಳಿ. ನಾನು ತಿರುಗಿ ಕೂತರೆ ಅದೇ ಬಲ ಆಗತ್ತಲ್ಲ?"

"ಆಗತ್ತೆ."

"ಮತ್ತೆ?"

"ಅದಕ್ಕೇ ಕೂತ ಮೇಲೆ ತಿರುಗಬೇಡ ಅಂದದ್ದು."

ಸಾವಾಯ್ ನಕ್ಕುಬಿಟ್ಟ. ಅಜ್ಜ ನಗಲಿಲ್ಲ.

ಕಲಿತದ್ದನ್ನೆಲ್ಲ ಸಾವಾಯ್ ಪುಸ್ತಕದಲ್ಲಿ ಬರೆದಿಟ್ಟ. ಬಿತ್ತುವಾಗ ಹೇಳುವ ಹಾಡು, ಬೆಂಕಿ ಇಡುವಾಗ ಗಾಳಿಯನ್ನು ಕರೆಯುವ ಮಾತು, ಭತ್ತದ ಜೀವವನ್ನು ಕಣಜಕ್ಕೆ ಕರೆತರುವ ಕ್ರಮ, ಒಂದನ್ನೂ ಬಿಡಲಿಲ್ಲ. ಒಮ್ಮೆ ಅಜ್ಜ ಕಾಡಿನಲ್ಲಿ ಕೂತಿದ್ದಾಗ ಹಕ್ಕಿ ಬಲಕ್ಕೆ ಮೂರು ಸಲ ಕೂಗಿತು. ಸಾವಾಯ್ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ.

"ಯಾಕೆ?" ಎಂದು ಅಜ್ಜ ಕೇಳಿದ.

"ಕಳೆದುಹೋಗದೆ ಇರಲಿ ಅಂತ."

ಅಜ್ಜ ಆ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ಸು ಕೊಟ್ಟ.

ಕಳೆದುಹೋಗುವುದು ಅದಾಗಲೇ ನಡೆದೇ ಇತ್ತು. ಅಜ್ಜನ ಗುರುವಿನ ಕಾಲದಲ್ಲಿ ಹಕ್ಕಿಗಾಗಿ ಒಂದು ತಿಂಗಳು ಕಾಯುತ್ತಿದ್ದರಂತೆ. ಕೇಳಬೇಕಾದ ಹಕ್ಕಿಗಳು ಏಳಿದ್ದವಂತೆ. ಅಜ್ಜನ ಹರೆಯದಲ್ಲಿ ತಿಂಗಳು ಹತ್ತು ದಿನವಾಯಿತು, ಏಳು ಹಕ್ಕಿ ಮೂರಾದವು. ಊರಲ್ಲಿ ಅರ್ಧ ಜನ ಚರ್ಚಿಗೆ ಹೋಗತೊಡಗಿದ ಮೇಲೆ ಭಾನುವಾರ ಕಾಯುವುದು ನಿಂತಿತು. ಸಾವಾಯ್ ಬರುವ ಹೊತ್ತಿಗೆ ಉಳಿದದ್ದು ಒಂದೇ ಹಕ್ಕಿ, ಮೂರೇ ದಿನ.

ಮೂರೇ ದಿನ ಯಾಕೆಂದರೆ ಗಂಡಸರೆಲ್ಲ ಈಗ ತಾಳೆ ಎಣ್ಣೆಯ ತೋಟದಲ್ಲಿ ಕೂಲಿಗಿದ್ದರು, ತೋಟದವರು ಕೊಡುತ್ತಿದ್ದ ರಜೆ ಅಷ್ಟೇ. ಹಕ್ಕಿಯೂ ಅಷ್ಟರೊಳಗೆ ಕೂಗಬೇಕಿತ್ತು.

ಅಷ್ಟಾದರೂ ಉಳಿದಿತ್ತಲ್ಲ ಎಂದು ಸಾವಾಯ್ ಅದನ್ನು ಜೀವದಂತೆ ಹಿಡಿದುಕೊಂಡಿದ್ದ. ಅಜ್ಜನ ನಂತರ ತಾನೇ ಹಕ್ಕಿ ಕೇಳುವವನಾಗಬೇಕು ಎಂಬುದು ಅವನ ಒಂದೇ ಆಸೆ.

ಆ ವರ್ಷ ಬಿಸಿಲು ಕಾಲ ಬಂದಾಗ ಊರಿಗೆ ಜಾಗವೇ ಇರಲಿಲ್ಲ. ಹಳೆಯ ಹೊಲಗಳೆಲ್ಲ ತಾಳೆ ತೋಟಕ್ಕೆ ಸೇರಿಹೋಗಿದ್ದವು. ಹೊಳೆಯಾಚೆ ಉಳಿದಿದ್ದುದು ಅಜ್ಜಿಗುಡ್ಡವೊಂದೇ. ಊರಿಗೆ ಕುಡಿಯುವ ನೀರು ಬರುವುದು ಆ ಗುಡ್ಡದ ಬುಡದ ಒರತೆಯಿಂದ. ಹಿಂದೆ ಯಾರೂ ಅಲ್ಲಿ ಕೊಡಲಿ ಎತ್ತಿರಲಿಲ್ಲ. ಎತ್ತಬಾರದೆಂದು ಕಟ್ಟಳೆಯೇನೂ ಇರಲಿಲ್ಲ, ಎತ್ತುವ ಪ್ರಮೇಯ ಬಂದಿರಲಿಲ್ಲ.

ಊರ ಯಜಮಾನ ಉಂಪೂರ್ ಅಜ್ಜನ ಮುಂದೆ ಬಂದು ಕೂತ. ಕೆಟ್ಟ ಮನುಷ್ಯನಲ್ಲ. ಇಪ್ಪತ್ತೆರಡು ಒಲೆಗಳ ಚಿಂತೆ ಹೊತ್ತವನು.

"ಅಜ್ಜಾ, ಅಂಗಡಿ ಅಕ್ಕಿ ತಂದುಕೊಂಡು ಉಣ್ಣಬಹುದು. ಮೂಲಭತ್ತಕ್ಕೆ ಏನು ಮಾಡೋಣ?"

ಮೂಲಭತ್ತವೆಂದರೆ ಒಂದೊಂದು ಬಾಗಿಲಿಗೂ ಹಿರಿಯರಿಂದ ಬಂದ ಒಂದು ಹಿಡಿ ಬೀಜ. ಅದನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ. ಪ್ರತಿ ವರ್ಷ ಹೊಲದ ನಟ್ಟನಡುವೆ ಮೊದಲು ಅದನ್ನು ಬಿತ್ತಿ ಆಮೇಲೆ ಉಳಿದ ಬೀಜ. ಒಂದು ವರ್ಷ ಬಿತ್ತದೆ ಬಿಟ್ಟರೆ ಭತ್ತದ ಜೀವ ಮುನಿಸಿಕೊಂಡು ಮನೆ ಬಿಟ್ಟು ಹೋಗುತ್ತದೆ ಎಂದು ನಂಬಿಕೆ.

"ಅಜ್ಜಿಗುಡ್ಡ ಕೇಳಿ ನೋಡಿ," ಎಂದ ಉಂಪೂರ್. "ಹಕ್ಕಿ ಬೇಡ ಅಂದರೆ ಬೇಡ."

ಹಾಗೆಂದವನೇ ಗರಗಸದ ಯಂತ್ರಕ್ಕೆ ಪೆಟ್ರೋಲು ತರಿಸಿಟ್ಟ.

ಮೊದಲ ಬೆಳಗು ಗುರು-ಶಿಷ್ಯರಿಬ್ಬರೂ ಗುಡ್ಡದ ಅಂಚಿನಲ್ಲಿ ಕೂತರು. ಹಕ್ಕಿ ಕೂಗಲಿಲ್ಲ.

ಎರಡನೆಯ ಬೆಳಗು ಮಂಜು ಬಿದ್ದಿತ್ತು. ಅಜ್ಜ ತೊಯ್ದುಹೋದ. ಹಕ್ಕಿ ಕೂಗಲಿಲ್ಲ.

ಮೂರನೆಯ ಬೆಳಗು ಅಜ್ಜನಿಗೆ ಜ್ವರ. ಚಾಪೆಯಿಂದ ಏಳಲಾಗಲಿಲ್ಲ.

"ನೀನೇ ಹೋಗು," ಎಂದ. "ಕೇಳಿಕೊಂಡು ಬಾ."

ಸಾವಾಯ್ ಒಂಬತ್ತು ವರ್ಷ ಕಾದಿದ್ದ ಮಾತು ಅದು.

"ಕೂಗದಿದ್ದರೆ ಅಜ್ಜಾ?"

"ಕೂಗದಿದ್ದರೆ ಕೂಗಲಿಲ್ಲ ಅಂತ ಬಂದು ಹೇಳು."

"ಜನ ಕೆಳಗೆ ಕಾಯ್ತಿರ್ತಾರೆ. ಅವರಿಗೆ ಏನಂತ ಹೇಳಲಿ?"

ಅಜ್ಜ ಗೋಡೆಯ ಕಡೆಗೆ ಮಗ್ಗುಲಾದ. ಜ್ವರವಿತ್ತು, ನಿಜ. ಆದರೂ ಆ ಪ್ರಶ್ನೆಗೆ ಉತ್ತರ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸಾವಾಯ್ ಗುಡ್ಡದ ಅಂಚಿನಲ್ಲಿ ಒಬ್ಬನೇ ಕೂತ. ಬಾಯಿ ತುಂಬ ನೀರು ಹಿಡಿದ. ಕೆಳಗೆ, ಗುಡ್ಡದ ಬುಡದಲ್ಲಿ, ನಲವತ್ತು ಜನ ಕತ್ತಿ ಕೊಡಲಿ ಹಿಡಿದು ಕುಕ್ಕುರುಗಾಲಲ್ಲಿ ಕೂತಿದ್ದರು. ನಾಳೆ ಅವರೆಲ್ಲ ತೋಟದ ಕೆಲಸಕ್ಕೆ ವಾಪಸ್ಸು.

ಬೆಳಕಾಯಿತು. ಎಲೆಗಳಿಂದ ನೀರು ತೊಟ್ಟಿಕ್ಕಿತು. ಎಲ್ಲೋ ದೂರದಲ್ಲಿ ಒಂದು ಕೋತಿ ಕಿರುಚಿತು. ಬಲಕ್ಕೂ ಎಡಕ್ಕೂ ಬೇರೇನೂ ಇಲ್ಲ.

ಬಿಸಿಲು ಮರದ ತುದಿಯಿಂದ ನಡುವಿಗೆ ಇಳಿಯಿತು. ಕೆಳಗಿನಿಂದ ಯಾರೋ ಕೆಮ್ಮಿದರು, ಯಾರೋ ಗೊಣಗಿದರು. ಉಂಪೂರ್ "ಶ್" ಎಂದದ್ದು ಕೇಳಿಸಿತು.

ಸಾವಾಯ್‌ಗೆ ಮನೆಯ ಇಪ್ಪತ್ತೆರಡು ಮಡಕೆಗಳು ಕಣ್ಣಿಗೆ ಕಟ್ಟಿದವು. ಒಂದೊಂದರಲ್ಲೂ ಒಂದೊಂದು ಹಿಡಿ ಮೂಲಭತ್ತ. ಬರಿಗೈಲಿ ಇಳಿದು ಹೋದರೆ ಅವೆಲ್ಲ ಹಾಗೇ ಉಳಿಯುತ್ತವೆ. ಮುಂದಿನ ವರ್ಷ ಜನ ಕೇಳುವುದೂ ಇಲ್ಲ, ಕಳಿಸುವುದೂ ಇಲ್ಲ. ಹಕ್ಕಿ ಕೇಳುವವನು ಬೇಡವೇ ಬೇಡ ಎಂದುಬಿಡುತ್ತಾರೆ. ಉಳಿದಿರುವ ಒಂದು ಹಕ್ಕಿಯೂ ಹೋಯಿತು, ಮೂರು ದಿನವೂ ಹೋಯಿತು.

ಉಳಿಸಬೇಕೆಂದೇ ಅವನು ಹಾಗೆ ಮಾಡಿದ. ಅವನ ಪರವಾಗಿ ನಾನು ಹೇಳಬಹುದಾದದ್ದು ಇಷ್ಟೇ.

ಅವನು ಫೋನನ್ನು ಬಲಗಡೆಯ ಪೊದೆಯೊಳಗೆ ತೂರಿಸಿ ಬೆರಳು ಒತ್ತಿದ.

ಹಕ್ಕಿ ಮೂರು ಸಲ ಕೂಗಿತು.

ಸಾವಾಯ್ ಪಕ್ಕದ ಗಿಡದಿಂದ ಒಂದು ಕಡ್ಡಿ ಮುರಿದ. ಬಾಯಲ್ಲಿ ಹಿಡಿದಿದ್ದ ನೀರನ್ನು ತನಗೆ ಅರಿವಿಲ್ಲದೆಯೇ ನುಂಗಿಬಿಟ್ಟಿದ್ದ.

ಕೆಳಗೆ ಜನ ಹೋ ಎಂದರು. ಗರಗಸದ ಯಂತ್ರ ಶುರುವಾಯಿತು.

ಮಧ್ಯಾಹ್ನ ಸಾವಾಯ್ ಕಡ್ಡಿ ಹಿಡಿದು ಮನೆಗೆ ಬಂದಾಗ ಅಜ್ಜ ಎದ್ದು ಕೂತಿದ್ದ. ಜ್ವರ ಇಳಿದಿತ್ತು. ಹೊಳೆಯಾಚೆ ಯಂತ್ರ ಕೊರೆಯುವ ಸದ್ದು ಚಾವಡಿಯ ತನಕ ಬರುತ್ತಿತ್ತು.

"ಕೂಗಿತಾ?"

"ಕೂಗಿತು."

"ಯಾವ ಕಡೆ?"

"ಬಲಕ್ಕೆ."

"ಎಷ್ಟು ಸಲ?"

"ಮೂರು ಸಲ. ಎರಡು ಜೋರಾಗಿ, ಮೂರನೆಯದು ಸಣ್ಣಗೆ."

ಅಜ್ಜ ಕಣ್ಣು ಮುಚ್ಚಿಕೊಂಡ.

"ಆಮೇಲೆ ನಾನು ಕೆಮ್ಮಿದೆನಾ?"

ಕೆಮ್ಮಿದ್ದ. ಮೂರು ವರ್ಷದ ಹಿಂದೆ, ರೆಕಾರ್ಡ್ ಮಾಡಿಕೊಂಡ ಆ ಬೆಳಗು, ಮೂರನೆಯ ಕೂಗಿನ ಬೆನ್ನಿಗೇ ಅಜ್ಜ ಕೆಮ್ಮಿದ್ದ, ಹಕ್ಕಿ ಪುರ್ರೆಂದು ಹಾರಿತ್ತು. ರೆಕಾರ್ಡಿನಲ್ಲಿ ಆ ಕೆಮ್ಮೂ ಇತ್ತು. ಗುಡ್ಡದ ಮೇಲೆ ಇವತ್ತು ಅದೂ ಕೇಳಿಸಿತ್ತು. ತಮ್ಮಲ್ಲೇ ಯಾರೋ ಕೆಮ್ಮಿದರೆಂದು ಕೆಳಗಿನವರು ಅಂದುಕೊಂಡಿದ್ದರು.

ಸಾವಾಯ್ ಕೈಯಲ್ಲಿದ್ದ ಕಡ್ಡಿಯನ್ನೇ ನೋಡುತ್ತ ನಿಂತ.

"ಎಷ್ಟು ಮರ ಬಿದ್ದವು?" ಎಂದು ಅಜ್ಜ ಕೇಳಿದ.

"ಮೂರು."

ಅಜ್ಜ ಕೈ ಚಾಚಿದ. ಸಾವಾಯ್ ಕಡ್ಡಿ ಕೊಟ್ಟ. ಅಜ್ಜ ಅದನ್ನು ಬೆರಳ ನಡುವೆ ಹೊರಳಿಸುತ್ತ ಕೂತ. ಹೊಳೆಯಾಚೆ ನಾಲ್ಕನೆಯ ಮರ ಬಿದ್ದ ಸದ್ದು ಕೇಳಿತು. ಅದು ಬಿದ್ದು ಮುಗಿಯುವವರೆಗೂ ಅಜ್ಜ ಕೇಳಿಸಿಕೊಂಡ.

ಈಗ ಬೈಯುತ್ತಾನೆ, ಈಗ ಎದ್ದು ಉಂಪೂರನನ್ನು ಕೂಗಿ ಕರೆಯುತ್ತಾನೆ ಎಂದು ಸಾವಾಯ್ ತಲೆ ತಗ್ಗಿಸಿ ಕಾದ. ನಿಜ ಹೇಳಬೇಕೆಂದರೆ ಹಾಗಾಗಲಿ ಎಂದೇ ಅವನು ಬಯಸಿದ.

"ಕೆಂಪು ದಾರ ತಾ," ಎಂದ ಅಜ್ಜ.

ಸಾವಾಯ್ ದಾರ ತಂದ. ಅಜ್ಜ ತನ್ನ ಕೈಯಾರೆ ಕಡ್ಡಿಗೆ ದಾರ ಸುತ್ತಿದ. ಒಂದು ಗಂಟು ಹಾಕಿದ. ಇನ್ನೊಂದು ಗಂಟು ಹಾಕಿದ.

"ಹೊಲದ ನಡುವೆ ನೆಡು."

ಅಷ್ಟೇ ಹೇಳಿ ಮಲಗಿಬಿಟ್ಟ.

ಒಂದು ತಿಂಗಳಲ್ಲಿ ಅಜ್ಜಿಗುಡ್ಡ ಒಣಗಿತು, ಒಂದು ಮಧ್ಯಾಹ್ನದಲ್ಲಿ ಸುಟ್ಟುಹೋಯಿತು. ಬೂದಿ ಮೊಣಕಾಲುದ್ದ ಬಿದ್ದಿತ್ತು. ಗಂಡಸರು ಸಾಲಾಗಿ ನಡೆಯುತ್ತ ಕೋಲಿನಿಂದ ಗುಳಿ ತೋಡಿದರು, ಹೆಂಗಸರು ಹಿಂದೆ ಬೀಜ ಉದುರಿಸಿದರು. ನಟ್ಟನಡುವೆ ಕೆಂಪು ದಾರದ ಕಡ್ಡಿ. ಅದರ ಸುತ್ತ ಮೂಲಭತ್ತ.

ಇನ್ನು ಕೇಡು ಬರುತ್ತದೆ ಎಂದು ಸಾವಾಯ್ ದಿನ ಎಣಿಸಿದ. ಹುಳ ಬೀಳಬಹುದು, ಇಲಿ ಬರಬಹುದು, ತೆನೆ ಜೊಳ್ಳಾಗಬಹುದು ಎಂದು ಕಾದ.

ಏನೂ ಆಗಲಿಲ್ಲ. ಹತ್ತು ವರ್ಷದಲ್ಲಿ ಕಾಣದಂಥ ಬೆಳೆ ಬಂತು.

ಸುಗ್ಗಿಯ ಹಬ್ಬ ಜೋರಾಗಿ ನಡೆಯಿತು. ಮೊದಲೆಲ್ಲ ಕೊನೆಯ ಹೊರೆ ಕಣಜಕ್ಕೆ ಬಂದ ಮೇಲೆ ಹಬ್ಬ. ಈಗ ಸರ್ಕಾರದ ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದಲ್ಲಿ ಅಚ್ಚಾದ ದಿನ. ಭತ್ತ ಅರ್ಧ ಹೊಲದಲ್ಲೇ ನಿಂತಿದ್ದರೂ ಹಬ್ಬ ಮಾಡಿ ಮುಗಿಸಬೇಕು. ಭತ್ತದ ಜೀವಕ್ಕೆ ಎಡೆ ಇಡುವ ತಟ್ಟೆಯಲ್ಲಿ ಮನೆಯ ಕಳ್ಳಿನ ಬದಲು ಕಿತ್ತಳೆ ಬಣ್ಣದ ಸೋಡಾ ಬಂದಿತ್ತು. ಪಾಪ, ಅದು ಕುಡಿಯಿತೋ ಬಿಟ್ಟಿತೋ ಯಾರು ಬಲ್ಲರು.

ಉಂಪೂರ್ ಮೈಕಿನ ಮುಂದೆ ನಿಂತು ಸಾವಾಯ್‌ನನ್ನು ಕರೆದ.

"ನಮ್ಮ ಹೊಸ ಹಕ್ಕಿ ಕೇಳುವವ! ಅವತ್ತು ಹೇಗೆ ಕೂಗಿತು ಅಂತ ಅವನ ಬಾಯಲ್ಲೇ ಕೇಳಿ."

ಸಾವಾಯ್ ಹೇಳಿದ. ಹೇಳದೆ ಬಿಡುವಂತಿರಲಿಲ್ಲ. ಬಲಗಡೆಯ ಪೊದೆ ಅಲುಗಿತು ಎಂದ. ಹಕ್ಕಿ ಹೊರಗೆ ಬಂದು ನನ್ನನ್ನೇ ನೋಡಿತು ಎಂದ. ಜನ ಚಪ್ಪಾಳೆ ತಟ್ಟಿದರು.

ಅವನ ಕಣ್ಣು ಅಜ್ಜನನ್ನು ಹುಡುಕಿತು. ಅಜ್ಜ ಒಂದು ಮೂಲೆಯಲ್ಲಿ ಕೂತು ಹೊಸ ಅಕ್ಕಿಯ ಅನ್ನ ಉಣ್ಣುತ್ತಿದ್ದ. ಅಜ್ಜ ಈ ಅನ್ನ ಮುಟ್ಟಬಾರದು ಎಂದು ಸಾವಾಯ್ ಒಳಗೊಳಗೇ ಬೇಡಿಕೊಂಡಿದ್ದ. ಅಜ್ಜ ಒಂದು ಅಗುಳೂ ಬಿಡದೆ ಉಂಡ.

ಅವತ್ತಿನಿಂದ ಸಾವಾಯ್‌ಗೆ ಊಟ ರುಚಿಸಲಿಲ್ಲ. ಬೆಳಗಿನ ಜಾವ ಎದ್ದು ಚಾವಡಿಯಲ್ಲಿ ಕೂರುತ್ತಿದ್ದ. ಮೊದಲೆಲ್ಲ ಹೊಳೆಯಾಚೆಯಿಂದ ನೂರು ಸದ್ದು ಬರುತ್ತಿತ್ತು. ಈಗ ನೀರಿನ ಸದ್ದು ಮಾತ್ರ, ಅದೂ ಸಣ್ಣಗೆ.

ಮುಂದಿನ ಬಿಸಿಲು ಕಾಲ ಬಂತು. ಉಂಪೂರ್ ಮತ್ತೆ ಬಂದು ಕೂತ.

ಒಂದು ಬೆಳೆ ತೆಗೆದ ನೆಲ ಮರುವರ್ಷ ಭತ್ತ ಕೊಡುವುದಿಲ್ಲ. ಬೇರೆ ತುಂಡು ಬೇಕು. ಗುಡ್ಡದ ಬುಡದಲ್ಲಿ, ಒರತೆಯ ಸುತ್ತ, ಬೆಂಕಿ ತಾಗದೆ ಉಳಿದ ಒಂದು ತೋಪಿತ್ತು. ಆ ತೋಪಿನ ಮರಗಳನ್ನು ಕೂತಲ್ಲಿಂದಲೇ ಎಣಿಸಬಹುದಿತ್ತು.

"ಅಷ್ಟನ್ನು ಕೇಳಿ ನೋಡಿ ಅಜ್ಜಾ. ಮೂಲಭತ್ತ ಒಂದು ಬಿತ್ತಿದರೆ ಸಾಕು," ಎಂದ ಉಂಪೂರ್. ಆಮೇಲೆ ಸಾವಾಯ್ ಕಡೆ ನೋಡಿ ನಕ್ಕ. "ಇವನು ಇದ್ದಾನಲ್ಲ, ನನಗೆ ಚಿಂತೆಯಿಲ್ಲ."

ಮೂರು ದಿನದ ರಜೆ ಸಿಕ್ಕಿತು. ಮೊದಲ ಎರಡು ಬೆಳಗು ಸಾವಾಯ್ ಒಬ್ಬನೇ ಹೋಗಿ ಕೂತು ಬಂದ. ಫೋನು ಜೇಬಿನಲ್ಲಿ ಕಲ್ಲಿನಂತೆ ಭಾರವಾಗಿತ್ತು. ಅವನು ಅದನ್ನು ಮುಟ್ಟಲಿಲ್ಲ. ಮನೆಯಲ್ಲಿ ಬಿಟ್ಟೂ ಹೋಗಲಿಲ್ಲ.

ಮೂರನೆಯ ಬೆಳಗು ಅಜ್ಜ ಹೇಳಿದ, "ನನ್ನನ್ನೂ ಹೊತ್ತುಕೊಂಡು ಹೋಗು."

ಅಜ್ಜನ ಕಾಲು ಪೂರ್ತಿ ಸೋತಿದ್ದವು. ಸಾವಾಯ್ ಅವನನ್ನು ಬೆನ್ನಿಗೆ ಹಾಕಿಕೊಂಡು ಹೊಳೆ ದಾಟಿದ. ಒಂದು ಮೂಟೆ ಭತ್ತದಷ್ಟೂ ತೂಕವಿರಲಿಲ್ಲ. ಜನ ಕೆಳಗೆ ನಿಂತರು. ಇವರಿಬ್ಬರು ಗುಡ್ಡದ ಅಂಚಿಗೆ ಏರಿ, ಹೋದ ವರ್ಷ ಸಾವಾಯ್ ಕೂತಿದ್ದ ಜಾಗದಲ್ಲೇ ಕೂತರು. ಮುಂದೆ ಒರತೆಯ ತೋಪು. ಹಿಂದೆ ಸುಟ್ಟ ಬುಡಗಳು, ಒಣಗಿದ ಕೂಳೆ. ಬಲಗಡೆಯ ಪೊದೆಯಿದ್ದಲ್ಲಿ ಬರಿ ಮಣ್ಣು.

ಅಜ್ಜ ಸೋರೆಬುರುಡೆ ಮುಂದೆ ಹಿಡಿದ.

"ನೀರು ತುಂಬಿಕೊ."

ಸಾವಾಯ್ ತುಂಬಿಕೊಂಡ.

ಬೆಳಕಾಯಿತು. ಎಲೆಯಿಲ್ಲದಲ್ಲಿ ಮಂಜು ತೊಟ್ಟಿಕ್ಕುವುದೂ ಇಲ್ಲ. ಬಿಸಿಲು ನೇರವಾಗಿ ಇಬ್ಬರ ಮುಖಕ್ಕೆ ಬಿತ್ತು. ಹಕ್ಕಿ ಕೂಗಲಿಲ್ಲ. ಯಾವ ಹಕ್ಕಿಯೂ ಕೂಗಲಿಲ್ಲ. ತೋಪಿನೊಳಗೆ ಒರತೆ ಒಂದು ಹನಿ ಬಿಟ್ಟು ಮತ್ತೊಂದು ಹನಿಗೆ ಹೊತ್ತು ತೆಗೆದುಕೊಳ್ಳುತ್ತಿತ್ತು.

ಸಾವಾಯ್‌ನ ಕೆನ್ನೆಯ ಮೇಲೆ ನೀರು ಇಳಿಯಿತು. ಅದು ಬಾಯಿಂದ ಬಂದದ್ದಲ್ಲ. ಅವನು ಬಾಯಲ್ಲಿದ್ದುದನ್ನು ಉಗುಳಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಅಜ್ಜಾ, ಅವತ್ತು ಹಕ್ಕಿ ಕೂಗಲಿಲ್ಲ."

"ಗೊತ್ತು."

"ಈ ಹಾಳು ಫೋನನ್ನು ಹೊಳೆಗೆ ಎಸೆದುಬಿಡ್ತೀನಿ."

"ಬೇಡ. ಸದ್ದು ಸಣ್ಣಗೆ ಮಾಡಿ ಹಾಕು. ಕೇಳೋಣ."

ಸಾವಾಯ್ ಫೋನನ್ನು ಅಜ್ಜನ ಕಿವಿಗೂ ತನ್ನ ಕಿವಿಗೂ ನಡುವೆ ಹಿಡಿದ. ಇಬ್ಬರ ತಲೆಗಳೂ ತಾಗಿದವು. ಹಕ್ಕಿ ಜೋರಾಗಿ ಎರಡು ಸಲ, ಸಣ್ಣಗೆ ಒಂದು ಸಲ ಕೂಗಿತು. ಆಮೇಲೆ ಅಜ್ಜನ ಕೆಮ್ಮು. ಪುರ್ರೆಂದು ರೆಕ್ಕೆಯ ಸದ್ದು.

"ಚೆನ್ನಾಗಿ ಕೂಗ್ತಿತ್ತು," ಎಂದ ಅಜ್ಜ.

ಅದನ್ನು ಕೇಳಿ ಸಾವಾಯ್‌ಗೆ ತಡೆಯಲಾಗಲಿಲ್ಲ. ವರ್ಷವಿಡೀ ಒಳಗೆ ಕುದಿಯುತ್ತಿದ್ದುದು ಹೊರಗೆ ಬಂತು.

"ಅವತ್ತೇ ನೀವು ಹೇಳಬಹುದಿತ್ತಲ್ಲ! ನಿಮಗೆ ಗೊತ್ತಾಗಿತ್ತು. ಆಗ ಮೂರೇ ಮರ ಬಿದ್ದಿದ್ದವು. ಒಂದು ಮಾತು ಹೇಳಿದ್ದರೆ ಯಂತ್ರ ನಿಲ್ತಿತ್ತು. ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನಿನ್ನನ್ನು ಊರಿಂದ ಓಡಿಸ್ತಿದ್ದರು," ಎಂದ ಅಜ್ಜ. "ನನ್ನ ಹಿಂದೆ ಇನ್ಯಾರೂ ಇರಲಿಲ್ಲ. ಹಕ್ಕಿ ಹೋದರೂ ಕೇಳುವವನು ಉಳಿಯಲಿ ಅಂದುಕೊಂಡೆ."

ಆಮೇಲೆ ಅವನೇ ಅಂದ, "ಎಂಥ ಮಾತು ನೋಡು."

ಕೆಳಗೆ ಯಾರೋ ಕೊಡಲಿ ಮಸೆಯತೊಡಗಿದ್ದರು.

"ನನಗೆ ಇಪ್ಪತ್ತು ವರ್ಷ ಆಗ," ಎಂದು ಅಜ್ಜ ಶುರುಮಾಡಿದ. "ನನ್ನ ಗುರು ಹತ್ತೊಂಬತ್ತು ದಿನ ಕೂತಿದ್ದ. ನಾನೂ ಜೊತೆಗೆ ಕೂತಿದ್ದೆ. ಹೊಟ್ಟೆ ಹಸಿದಿತ್ತು, ಮೈಯೆಲ್ಲ ಜಿಗಣೆ. ಇಪ್ಪತ್ತನೆಯ ದಿನ ಮೂತ್ರಕ್ಕೆ ಅಂತ ಎದ್ದು ಹೋಗಿ ಮರದ ಹಿಂದಿನಿಂದ ಸಿಳ್ಳೆ ಹಾಕಿದೆ. ಹಕ್ಕಿಯ ಥರಾನೇ."

ಸಾವಾಯ್ ತಲೆ ಎತ್ತಿದ.

"ನಿಮ್ಮ ಗುರುವಿಗೆ ಗೊತ್ತಾಗಲಿಲ್ಲವಾ?"

"ಗೊತ್ತಾಯಿತು. ಅವನು ಏನೂ ಅನ್ನದೆ ಒಂದು ಕಡ್ಡಿ ಮುರಿದುಕೊಂಡ. ಮರುವರ್ಷದಿಂದ ಹತ್ತೇ ದಿನ ಕೂತರೆ ಸಾಕು ಅಂತ ಊರಿಗೆ ಹೇಳಿದ. ನನ್ನ ಮೇಲೆ ಅವನಿಗೆ ಅಷ್ಟು ಪ್ರೀತಿ."

"ಆಮೇಲೆ?"

"ಆಮೇಲೆ ನಾನು ನಿನಗೆ ಹತ್ತನ್ನು ಮೂರು ಮಾಡಿಕೊಟ್ಟೆ. ತೋಟದ ರಜೆಗೆ ಹೊಂದಲಿ ಅಂತ."

ಸಾವಾಯ್ ಕೆಳಗಿನ ಜನರನ್ನೂ ಎದುರಿನ ತೋಪನ್ನೂ ನೋಡಿದ.

"ಈಗ ಇದನ್ನೂ ಬಿಟ್ಟರೆ ಮೂಲಭತ್ತ ಎಲ್ಲಿ ಬಿತ್ತೋದು ಅಜ್ಜಾ?"

"ಬಾಗಿಲಿಗೆ ಒಂದು ಹಿಡಿ ಬೀಜ. ಅದಕ್ಕೆ ಎಷ್ಟು ನೆಲ ಬೇಕು?"

"ಬೂದಿ ಬೇಕಲ್ಲ."

"ಒಲೆಯಲ್ಲಿ ಇಲ್ಲವಾ?"

ಸಾವಾಯ್ ಬೆಪ್ಪಾಗಿ ನೋಡಿದ. ಇಪ್ಪತ್ತೆರಡು ಒಲೆಗಳು. ಇಪ್ಪತ್ತೆರಡು ಬಾಗಿಲುಗಳ ಮೆಟ್ಟಿಲ ಪಕ್ಕ ಕೋಳಿ ಕೆದಕುವ ಅಂಗೈಯಗಲದ ನೆಲ.

"ಹೋದ ವರ್ಷವೂ ಅಲ್ಲೇ ಬಿತ್ತಬಹುದಿತ್ತು," ಎಂದ ಅಜ್ಜ. "ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಗುಡ್ಡ ಹೋದ ಮೇಲೆ ಹೊಳೆಯಿತು."

ಕೆಳಗಿನಿಂದ ಉಂಪೂರ್ ಕೂಗಿ ಕೇಳಿದ.

"ಸಾವಾಯ್! ಕೂಗಿತಾ?"

ನಲವತ್ತು ಜನ ಮುಖ ಮೇಲೆತ್ತಿ ನೋಡುತ್ತಿದ್ದರು. ಸಾವಾಯ್‌ನ ಕೈಯಲ್ಲಿ ಫೋನು ಇನ್ನೂ ಬೆಚ್ಚಗಿತ್ತು. ಅವನು ಅದನ್ನು ಆರಿಸಿ ಜೇಬಿಗೆ ಹಾಕಿದ. ಎದ್ದು ನಿಂತ. ಗುರುವಿನ ಕಡೆಗೆ ತಿರುಗಿದ.

"ಏನು ಹೇಳಲಿ ಅಜ್ಜಾ?"

ಒಂದು ವರ್ಷದ ಹಿಂದೆ ಚಾಪೆಯ ಪಕ್ಕ ಕೇಳಿದ್ದ ಅದೇ ಪ್ರಶ್ನೆ. ಈ ಸಲ ಅಜ್ಜ ಗೋಡೆಯ ಕಡೆಗೆ ಹೊರಳಲಿಲ್ಲ. ಎರಡೂ ತೋಳು ಚಾಚಿದ.

"ಕೇಳೋದನ್ನ ನಿನಗೆ ಚೆನ್ನಾಗಿ ಕಲಿಸಿದೆ ಮಗಾ. ಉತ್ತರ ಬರದೇ ಇದ್ದಾಗ ಬರಿಗೈಲಿ ಮನೆಗೆ ಹೋಗೋದನ್ನ ಒಂದು ದಿನವೂ ಮಾಡಿ ತೋರಿಸಲಿಲ್ಲ. ಎತ್ತಿಕೊ ನನ್ನನ್ನ, ಅವರ ಮುಂದೆಯೇ ಇಳಿದು ಹೋಗೋಣ."